ಕಾರ್ಮೈನನ ಲಾಟೀನು

ಧೂಳು ಒರೆಸೋಣವೆಂದು ಹೊದಿಸಿದ್ದ ಬಟ್ಟೆ ಸರಿಸಿದೆ. ಗಾಜಿನ ಪೆಟ್ಟಿಗೆ ಖಾಲಿಯಿತ್ತು.

ಗಾಬರಿಯಲ್ಲಿ ಬಟ್ಟೆಯನ್ನು ಮತ್ತೆ ಹೊದಿಸಿಬಿಟ್ಟೆ, ಹಾಗೆ ಮಾಡಿದರೆ ಲಾಟೀನು ವಾಪಸು ಬರುತ್ತದೆಯೇನೋ ಎಂಬಂತೆ. ಮತ್ತೆ ಸರಿಸಿದೆ. ಇಲ್ಲ. ಹಸಿರು ಮಖಮಲ್ಲಿನ ಮೇಲೆ ಲಾಟೀನು ಕೂತಿದ್ದ ದುಂಡನೆಯ ಗುರುತು ಮಾತ್ರ. ಗಾಜು ಒಡೆದಿರಲಿಲ್ಲ. ಬೀಗ ಹಾಕಿದಂತೆಯೇ ಇತ್ತು.

ಹೊರಗೆ ಸಬ್‌ವೇ ರೈಲು ಗಡಗಡಿಸಿತು. ಪೆಟ್ಟಿಗೆಯ ಗಾಜು ಅದುರಿತು. ಸಬ್‌ವೇ ಎಂಬುದು ಹೆಸರಿಗಷ್ಟೆ. ಬ್ರಾಂಕ್ಸ್‌ನ ಈ ತುದಿಯಲ್ಲಿ ಅದು ನೆಲದಡಿ ಹೋಗುವುದಿಲ್ಲ, ನಮ್ಮ ಸೀಟನ್ ಅವೆನ್ಯೂ ಚರ್ಚಿನ ಹಿಂದಿನ ದಿಣ್ಣೆಯ ಮೇಲೆ ಓಡುತ್ತದೆ. ಆ ದಿಣ್ಣೆ ಕಟ್ಟಿದ್ದು ನಗರವಲ್ಲ, ಬ್ರಾಂಕ್ಸ್ ಅಂಡ್ ಸೌಂಡ್‌ಶೋರ್ ಎಂಬ ಖಾಸಗಿ ರೈಲು ಕಂಪನಿ. ಅದು ಅರಮನೆಯಂಥ ನಿಲ್ದಾಣಗಳನ್ನು ಕಟ್ಟಿತು, ಪ್ರಯಾಣಿಕರೇ ಬರಲಿಲ್ಲ, ಎರಡನೇ ಮಹಾಯುದ್ಧಕ್ಕೆ ಮುಂಚೆ ಮುಳುಗಿತು. ಹಳಿಗಳ ಮೇಲೆ ಹುಲ್ಲು ಬೆಳೆಯಿತು. ಆಮೇಲೆ ನಗರ ಒಂದು ತುಂಡನ್ನು ಕೊಂಡು ಸಬ್‌ವೇಗೆ ಸೇರಿಸಿಕೊಂಡಿತು. ಕಂಪನಿಯ ಹೆಸರು ಈಗ ಯಾರಿಗೂ ನೆನಪಿಲ್ಲ. ಅದಕ್ಕೇ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಈ ಪ್ರದರ್ಶನ. ಇತಿಹಾಸದಲ್ಲಿ ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಫೋಟೋ ಅಂಟಿಸುವ, ವಿವರ ಬರೆಯುವ ಕೆಲಸ ಸಿಕ್ಕಿತ್ತು. ಮಾತಾಡಬೇಕಾಗಿರಲಿಲ್ಲವಾದ್ದರಿಂದ ಒಪ್ಪಿಕೊಂಡಿದ್ದೆ.

ಈಗ ಮಾತಾಡಬೇಕಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಉದ್ಘಾಟನೆ.

ಸಭಾಂಗಣ ನೋಡಿಕೊಳ್ಳುವ ಎವರಾಲ್ಡ್ ಬ್ರದರ್ ಬಕೆಟ್ಟು ಹಿಡಿದು ಬಂದರು. ನಮ್ಮ ಚರ್ಚಿನಲ್ಲಿ ಗಂಡಸರೆಲ್ಲ ಬ್ರದರ್, ಹೆಂಗಸರೆಲ್ಲ ಸಿಸ್ಟರ್. ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟರು.

"ಜೊನೆಲ್, ನೀನು ತೆಗೆದಿಟ್ಟಿದೀಯ, ಅಲ್ವಾ?"

"ಇಲ್ಲ."

ಅವರು ಮಡಚುವ ಕುರ್ಚಿಯೊಂದನ್ನು ಬಿಡಿಸಿದರು, ಕೂರಲಿಲ್ಲ.

"ಮಂಗಳವಾರ ನನ್ನ ಪ್ರಮಾಣವಚನ," ಎಂದರು.

ನನಗೆ ಗೊತ್ತಿತ್ತು. ಇಡೀ ಚರ್ಚಿಗೇ ಗೊತ್ತಿತ್ತು. ಜಮೈಕಾದಿಂದ ಬಂದು ಎಷ್ಟೋ ವರ್ಷ ಕಾದಮೇಲೆ ಎವರಾಲ್ಡ್ ಬ್ರದರ್‌ಗೆ ಮಂಗಳವಾರ ಪೌರತ್ವ ಸಿಗುವುದಿತ್ತು. ಬಾಗಿಲಲ್ಲಿ ಕೊನೆಯದಾಗಿ ಒಂದು ಪ್ರಶ್ನೆ ಕೇಳುತ್ತಾರೆ — ಸಂದರ್ಶನವಾದ ಮೇಲೆ ನಿಮ್ಮನ್ನು ಪೊಲೀಸರು ಹಿಡಿದಿದ್ದಾರೆಯೇ? ಹೌದೆಂದರೆ ಎಲ್ಲ ಅಲ್ಲಿಗೇ ನಿಲ್ಲುತ್ತದೆ.

* * *

ಲಾಟೀನಿನ ಒಡತಿ ಫಿಲೊಮೀನಾ ಅಜ್ಜಿ ಮಗ ರಾಲ್ಫನ ತೋಳು ಹಿಡಿದು ಬಂದರು. ನಮ್ಮ ಬೀದಿಯಲ್ಲಿ ಉಳಿದಿರುವ ಕೊನೆಯ ಇಟಾಲಿಯನ್ ಮನೆ ಅವರದು. ಅವರ ಅಪ್ಪ ಕಾರ್ಮೈನ್ ಆ ಹಳೆಯ ಕಂಪನಿಯ ಕೆಲಸಗಾರ. ಕರೆಂಟು ಹೊಡೆದು ಬಲಗೈಯ ಎರಡು ಬೆರಳು ಹೋದ ಮೇಲೆ ಕಂಪನಿ ಅವರಿಗೆ ಪ್ಲಾಟ್‌ಫಾರಂನಲ್ಲಿ ನಿಂತು ರೈಲುಗಳಿಗೆ ಲಾಟೀನು ತೋರಿಸುವ ಕೆಲಸ ಕೊಟ್ಟಿತ್ತು. ಕಂಪನಿಯ ಅಕ್ಷರ ಕೆತ್ತಿದ ಅಂಥ ಹಿತ್ತಾಳೆ ಲಾಟೀನು ಈಗ ಎಲ್ಲೂ ಸಿಗುವುದಿಲ್ಲ. ರೈಲು ಸಾಮಾನು ಸಂಗ್ರಹಿಸುವವರು ಅದಕ್ಕಾಗಿ ಜಗಳವಾಡುತ್ತಾರೆ.

ರಾಲ್ಫ್ ಪೆಟ್ಟಿಗೆಯ ಸುತ್ತ ಎರಡು ಸುತ್ತು ಬಂದ.

"ರಾತ್ರಿ ಬಾಗಿಲು ಹಾಕಿದ್ದು ಯಾರು?"

"ನಾನು," ಎಂದರು ಎವರಾಲ್ಡ್.

"ಬೆಳಿಗ್ಗೆ ತೆಗೆದಿದ್ದು?"

"ನಾನೇ."

"ಮಧ್ಯೆ ಕೀಲಿ ಯಾರ ಹತ್ರ ಇತ್ತು?"

"ನನ್ನ ಹತ್ರಾನೇ."

"ಮುಗೀತಲ್ಲ ಮತ್ತೆ." ರಾಲ್ಫ್ ಫೋನು ತೆಗೆದ. "ಉಳಿದಿದ್ದು ಪೊಲೀಸರು ಕೇಳ್ಲಿ."

ಆಗ ಮೆಟ್ಟಿಲ ಕಡೆಯಿಂದ ದನಿ ಬಂತು. "ಫೋನು ಜೇಬಿಗೆ ಹಾಕು ರಾಲ್ಫ್. ನಿನ್ನ ಸಿಟ್ಟಿಗೆ ಅರ್ಜೆಂಟಿದೆ, ಪೊಲೀಸರಿಗಿಲ್ಲ."

ಹೈಸಿಂತ್ ಆಂಟಿ. ನನ್ನ ಅಮ್ಮನ ಅಕ್ಕ. ವಿಮಾ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಸುಳ್ಳು ಕ್ಲೇಮುಗಳನ್ನು ಕೆದಕಿ ನಿವೃತ್ತಳಾದವಳು. ತಾವೇ ಬೆಂಕಿ ಇಟ್ಟುಕೊಂಡ ಅಂಗಡಿಯವರು, ನಡೆಯಬಲ್ಲ ಕುಂಟರು — ಇಂಥವರ ಜೊತೆ ಆಯುಷ್ಯ ಕಳೆದು, ಯಾರನ್ನೂ ಬೈಯದೆ ಕೇಳುವುದನ್ನು ಕಲಿತಿದ್ದಳು. ಮಂಡಿ ನೋವಿನಿಂದಾಗಿ ಕೂತಲ್ಲಿಗೇ ಜನರನ್ನು ಕರೆಸುತ್ತಾಳೆ. ಈಗಲೂ ಪೆಟ್ಟಿಗೆಯ ಎದುರು ಕುರ್ಚಿ ಎಳೆಸಿಕೊಂಡು ಕೂತಳು.

"ಹನ್ನೆರಡರವರೆಗೆ ನನಗೆ ಬಿಡು," ಎಂದಳು. "ಆಮೇಲೆ ನಾನೇ ಫೋನ್ ಮಾಡ್ತೀನಿ."

"ಅಷ್ಟರಲ್ಲಿ ಲಾಟೀನು ಕೈ ಬದಲಾಯಿಸಿರತ್ತೆ."

"ಎವರಾಲ್ಡೇ ಕದ್ದಿದ್ರೆ ಅವನು ಇಲ್ಲೇ ನಿಂತಿದಾನಲ್ಲಪ್ಪ. ಎಲ್ಲಿ ಓಡ್ತಾನೆ?"

ಫಿಲೊಮೀನಾ ಅಜ್ಜಿ ಮಗನ ಕೈಗೆ ಒಂದು ಏಟು ಹಾಕಿದರು. "ಕೂತ್ಕೊಳ್ಳೋ."

ರಾಲ್ಫ್ ಕೂತ. ಅವನ ಕಾಲು ಮಾತ್ರ ಕುಣಿಯುತ್ತಲೇ ಇತ್ತು.

"ಪೆಟ್ಟಿಗೆ ಕೀಲಿ?" ಆಂಟಿ ಕೇಳಿದಳು.

"ನನ್ನ ಕೈಚೀಲದಲ್ಲಿ, ಜಪಮಾಲೆ ಜೊತೆ," ಅಜ್ಜಿ ತೆಗೆದು ತೋರಿಸಿದರು. "ಯಾರಿಗೂ ಕೊಟ್ಟಿಲ್ಲ. ನನ್ನ ಮಗನಿಗೂ."

"ಆ ಬೀಗ ಹೇರ್‌ಪಿನ್ನಿಗೂ ಬಿಚ್ಚಿಕೊಳ್ಳತ್ತೆ," ಎಂದ ರಾಲ್ಫ್.

ಆಂಟಿ ಕನ್ನಡಕ ಏರಿಸಿ ಬೀಗದ ಬಾಯಿಗೆ ಮುಖ ತಾಗುವಷ್ಟು ಬಾಗಿದಳು. "ಹೊಸ ಬೀಗ. ಒಂದು ಗೀರೂ ಇಲ್ಲ. ಬಿಚ್ಚಿ ಮತ್ತೆ ಹಾಕಿದ್ದಾರೆ ಬೇರೆ, ಕೀಲಿಯಿಂದಲೇ. ಜೊನೆಲ್, ನೀನು ಕೊನೇಸಲ ಲಾಟೀನು ನೋಡಿದ್ದು ಯಾವಾಗ?"

"ನಿನ್ನೆ ಸಂಜೆ. ಅಜ್ಜಿ ಬೀಗ ಹಾಕಿದ್ರು, ನಾನು ಬಟ್ಟೆ ಹೊದಿಸಿದೆ. ಆಮೇಲೆ ಊಟ."

"ಊಟ ಆದ್ಮೇಲೆ?"

"ಬಟ್ಟೆ ಹಾಗೇ ಇತ್ತು."

"ನಾನು ಬಟ್ಟೆ ಕೇಳಲಿಲ್ಲ ಮಗು."

ಬಟ್ಟೆಯಡಿ ನಾನು ಇಣುಕಿಯೇ ಇರಲಿಲ್ಲ. ರೈಲೊಂದು ಹೋಯಿತು.

* * *

ಆಂಟಿ ಮೊದಲು ಅಡುಗೆಯ ಐವಿ ಸಿಸ್ಟರನ್ನು ಕರೆಸಿದಳು.

"ನಿನ್ನೆ ಊಟಕ್ಕೆ ಎಷ್ಟು ಜನ?"

"ಕಮಿಟಿಯವರು, ಅವರ ಮನೆಯವರು. ಜೊತೆಗೆ ಯಾವಾಗಲೂ ಬರೋ ಕರೆಯದೇ ಇರೋರು." ಐವಿ ಸಿಸ್ಟರಿನ ಮುಖ ಇನ್ನೂ ಹಿಂದಿನ ರಾತ್ರಿಯ ಸಿಟ್ಟಿನಲ್ಲೇ ಇತ್ತು. "ಎರಡು ಪಾತ್ರೆ ಮೇಕೆ ಸಾರು ಮಾಡಿದೀನಿ ಹೈಸಿಂತ್, ಎರಡು! ಬಡಿಸಿ ನಾನು ಕೂರೋ ಹೊತ್ತಿಗೆ ತಳ ಕಾಣ್ತಿತ್ತು. ಕಾಳನ್ನಕ್ಕೆ ಕೋಳಿ ಗೊಜ್ಜು ಹಾಕ್ಕೊಂಡು ತಿಂದೆ. ಮಾಡಿದವಳಿಗೆ ಒಂದು ಮೂಳೆನೂ ಇಲ್ಲ."

"ಕೋಟುಗಳನ್ನ ಎಲ್ಲಿ ತೂಗುಹಾಕಿದ್ರಿ?"

"ಈ ಪ್ರದರ್ಶನದ ಕೋಣೇಲೇ. ಇನ್ನೆಲ್ಲಿ ಜಾಗ ಇದೆ?"

"ಅಂದ್ರೆ ಹೋಗೋವಾಗ ಎಲ್ಲರೂ ಒಬ್ಬೊಬ್ಬರಾಗಿ ಇಲ್ಲಿಗೆ ಬಂದು ಹೋಗಿದಾರೆ."

"ಬರದೆ? ಆ ಚಳೀಲಿ?"

ರಾಲ್ಫನ ಕಾಲು ಕುಣಿಯುವುದು ನಿಂತಿತು. "ಊಟದ ಹೊತ್ತಲ್ಲೇ ಹೋಗಿದೆ ಅಂತೀರಾ?"

"ಹೋಗಿರಬಹುದು ಅಂತೀನಿ. ಬಟ್ಟೆ ಕೆಳಗೆ ಯಾರೂ ನೋಡಿಲ್ಲ. ರಾತ್ರಿ ಹೋಗಿದ್ರೆ ಎವರಾಲ್ಡ್ ಒಬ್ಬನೇ. ಸಂಜೆ ಹೋಗಿದ್ರೆ ಹಾಲ್ ಕೀಲಿ ಲೆಕ್ಕಕ್ಕೇ ಬರಲ್ಲ, ಪೆಟ್ಟಿಗೆ ಕೀಲಿ ಲೆಕ್ಕಕ್ಕೆ ಬರತ್ತೆ. ಫಿಲೊಮೀನಾ, ಊಟದಲ್ಲಿ ನಿಮ್ಮ ಕೈಚೀಲ ಎಲ್ಲಿತ್ತು?"

"ತೊಡೆ ಮೇಲೆ. ಕುರ್ಚಿ ಮೇಲೆ. ನನ್ನ ಹತ್ರಾನೇ."

"ಪಕ್ಕದಲ್ಲಿ?"

"ಈ ಕಡೆ ರಾಲ್ಫ್. ಆ ಕಡೆ ಡೆನಿಸ್. ಪಾಪ, ನಮ್ಮಪ್ಪನ ವಿಷಯ ಹೇಳ್ತಾ ಅತ್ತೇಬಿಟ್ಟ ಹುಡುಗ. ಹೊರಡೋವಾಗ ನನಗೆ ಕೋಟು ತಂದುಕೊಟ್ಟಿದ್ದೂ ಅವನೇ."

'ಹುಡುಗ' ಎಂದರೆ ಐವತ್ತು ದಾಟಿದ ಡೆನಿಸ್ ಮಲ್ವೇನಿ. ಮೂರು ವಾರದ ಹಿಂದೆ, ಪ್ರದರ್ಶನದ ಚೀಟಿಗಳನ್ನು ನಾವು ನಿಲ್ದಾಣದ ಗೋಡೆಗೆ ಅಂಟಿಸಿದ ಮೇಲೆ, ತಾವಾಗಿಯೇ ಹುಡುಕಿಕೊಂಡು ಬಂದವರು. ಅವರ ಅಜ್ಜ ಕಾರ್ಮೈನನ ಜೊತೆ ಅದೇ ಕಂಪನಿಯಲ್ಲಿದ್ದರಂತೆ. ಅಂದಿನಿಂದ ಕುರ್ಚಿ ಹೊರುವುದಕ್ಕೂ ಮುಂದು, ಕಾಫಿ ತರುವುದಕ್ಕೂ ಮುಂದು. ಫಿಲೊಮೀನಾ ಅಜ್ಜಿಗೆ ಅವರು ಸ್ವಂತ ಮಗನಿಗಿಂತ ಹೆಚ್ಚಾಗಿದ್ದರು. ರಾಲ್ಫ್ ಇದನ್ನು ಗಮನಿಸಿದ್ದ, ಹೇಳಿರಲಿಲ್ಲ.

"ರಾಲ್ಫ್, ಈ ಲಾಟೀನು ಪ್ರದರ್ಶನಕ್ಕೆ ಕೊಡೋದು ನಿನಗೆ ಇಷ್ಟ ಇರಲಿಲ್ಲ ಅಂತ ಕೇಳಿದೆ."

"ಇರಲಿಲ್ಲ. ಈಗ ನೋಡಿ, ಯಾಕೆ ಅಂತ ಗೊತ್ತಾಯ್ತಲ್ಲ."

"ಮಾರೋಣ ಅಂದಿದ್ದೆ?"

ಅವನ ಕುತ್ತಿಗೆ ಕೆಂಪಾಯಿತು. "ಅಂದಿದ್ದೆ. ಅಮ್ಮನ ಮನೆ ಸೋರ್ತಿದೆ. ಅಂದಿದ್ದು ತಪ್ಪಾ? ಮಾರಬೇಕು ಅಂತಿದ್ರೆ ಅಮ್ಮನ ಮನೆ ಕಪಾಟಿಂದಲೇ ತೆಗೆದು ಮಾರ್ತಿದ್ದೆ, ಇಷ್ಟು ಜನರ ಮಧ್ಯೆ ಬಂದು ಕದೀತಿದ್ನಾ?"

ನಾನು ಗಡಿಯಾರ ನೋಡಿದೆ. ಎವರಾಲ್ಡ್ ಬ್ರದರ್ ಈಗಾಗಲೇ ಒರೆಸಿದ್ದ ಮೇಜನ್ನು ಮತ್ತೆ ಒರೆಸುತ್ತಿದ್ದರು.

* * *

ಡೆನಿಸ್ ಮಲ್ವೇನಿ ಡೋನಟ್ಟಿನ ಡಬ್ಬಿ ಹಿಡಿದು ಬಂದರು. ವಿಷಯ ಕೇಳಿ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತರು. ನೇರ ಅಜ್ಜಿಯ ಬಳಿಗೆ ಹೋಗಿ ಕೈ ಹಿಡಿದುಕೊಂಡರು. ಆಮೇಲೆ ಎವರಾಲ್ಡ್ ಕಡೆ ನೋಡಿ ತಲೆಯಾಡಿಸಿದರು.

"ಯಾರೇ ಆಗಿರಲಿ, ಕಷ್ಟ ಇದ್ದಿರಬೇಕು. ತುಂಬಾ ಕಟುವಾಗಿ ನೋಡಬೇಡಿ," ಎಂದರು.

ಆ ಕನಿಕರ ಕೇಳಿ ಎವರಾಲ್ಡ್ ಬ್ರದರಿನ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಕೂತ್ಕೊಳ್ಳಿ ಡೆನಿಸ್," ಎಂದಳು ಆಂಟಿ. "ನಿನ್ನೆ ನಾನು ಬೇಗ ಹೊರಟೆ, ಮಂಡಿ ನೋವು. ನಿಮ್ಮ ಅಜ್ಜನ ಕತೆ ತಪ್ಪಿಹೋಯ್ತು. ಎಲ್ಲರ ಕಣ್ಣಲ್ಲೂ ನೀರು ಬಂತಂತೆ."

"ಈಗ ಅದರ ಹೊತ್ತಾ?"

"ಕಾಯೋದು ಬಿಟ್ಟು ಬೇರೆ ಕೆಲಸ ಇಲ್ವಲ್ಲ. ಹೇಳಿ."

ಹೇಳಿದರು. ಚೆನ್ನಾಗಿಯೇ ಹೇಳಿದರು. "ಅಜ್ಜ ಸಾಯೋವರೆಗೂ ಅದನ್ನ ಹೇಳ್ತಿದ್ದ. ಮಂಜು ಬೀಳ್ತಿತ್ತಂತೆ. ಕಾರ್ಮೈನ್ ಹಳಿ ದಾಟೋವಾಗ ಕಾಲು ಜಾರಿದಾನೆ, ಬಲಗೈ ಊರಿದ್ದು ಸೀದಾ ಮೂರನೇ ಹಳಿ ಮೇಲೆ. ಕರೆಂಟು ಹಿಡ್ಕೊಂಡಿದೆ, ಬಿಡ್ತಿಲ್ಲ. ಅಜ್ಜ ಓಡಿಹೋಗಿ ಮರದ ಹಿಡಿಯ ಸಲಿಕೆಯಿಂದ ಅವನನ್ನ ಆ ಹಳಿಯಿಂದ ಎತ್ತಿ ಈಚೆ ತಳ್ಳಿದ್ನಂತೆ. ಎರಡು ಬೆರಳು ಹೋಯ್ತು, ಜೀವ ಉಳೀತು."

ಅಜ್ಜಿ ಕಣ್ಣೊರೆಸಿಕೊಂಡರು. ಮೂರನೇ ಹಳಿ ಎಂದರೆ ಇಲ್ಲಿ ಬೆಳೆದವರಿಗೆಲ್ಲ ಭಯ. ಚಕ್ರ ಓಡುವ ಎರಡು ಹಳಿಗಳ ಪಕ್ಕದಲ್ಲಿ, ಹಲಗೆ ಮುಚ್ಚಿಕೊಂಡು, ರೈಲಿಗೆ ಕರೆಂಟು ಕೊಡುತ್ತಾ ಮಲಗಿರುವ ಆ ಹಳಿಯ ಹೆಸರಿನಲ್ಲೇ ನಮ್ಮನ್ನು ಹೆದರಿಸಿ ಬೆಳೆಸಿದ್ದಾರೆ. ಅದನ್ನು ಮುಟ್ಟಿದರೆ ಕರಕಲಾಗುತ್ತೀಯ ಎಂದು ನನ್ನಮ್ಮ ಪ್ಲಾಟ್‌ಫಾರಂನಲ್ಲಿ ಕೈ ಬಿಡುತ್ತಿರಲಿಲ್ಲ.

"ದೊಡ್ಡ ಮನುಷ್ಯ ನಿಮ್ಮಜ್ಜ," ಎಂದಳು ಆಂಟಿ. "ನಿನ್ನೆ ಫಿಲೊಮೀನಾಗೆ ಕೋಟು ತಂದುಕೊಟ್ಟಿದ್ದೂ ನೀವೇ ಅಲ್ವಾ?"

"ಹೌದು. ವಯಸ್ಸಾದವರು, ಅಷ್ಟಾದ್ರೂ ಮಾಡಬೇಡ್ವಾ?"

"ದೊಡ್ಡ ಚೀಲ ಹಿಡ್ಕೊಂಡು ಹೋದ್ರಂತೆ?"

"ಊಟ ಬಿಸಿಯಾಗಿಡೋ ಚೀಲ. ಬರೋವಾಗ ಸೋಡಾ ತಂದಿದ್ದೆ." ನಕ್ಕರು. "ಹೋಗೋವಾಗ ಮೇಕೆ ಸಾರು. ಐವಿ ಸಿಸ್ಟರ್ ಬೇಡ ಅಂದ್ರೂ ಕೇಳದೆ ಒಂದು ಪಾತ್ರೆ ತುಂಬಿಸಿಕೊಟ್ರು. ರಾತ್ರಿ ಮತ್ತೆ ತಿಂದೆ ನೋಡಿ."

ಅಡುಗೆಮನೆಯ ಬಾಗಿಲಲ್ಲಿ ಐವಿ ಸಿಸ್ಟರಿನ ಹುಬ್ಬು ಮೇಲೇರಿತು. ಆಂಟಿ ಅತ್ತ ನೋಡದೆಯೇ ಅಂಗೈ ಎತ್ತಿ ತಡೆದಳು.

"ಫಿಲೊಮೀನಾ, ನಿಮ್ಮಪ್ಪನಿಗೆ ಏಟಾಗೋಕೆ ಮುಂಚೆ ಏನು ಕೆಲಸ?"

"ಬಣ್ಣ ಬಳಿಯೋದು. ಬೇಲಿ, ಕಂಬ, ಎಲ್ಲ ಹಸಿರು ಮಾಡಿಬಿಡ್ತಿದ್ರಂತೆ. ನಮ್ಮ ಮನೆ ಕಕ್ಕಸೂ ಅದೇ ಹಸಿರು."

"ಬೆರಳು ಬಿಟ್ಟು ಮೈಮೇಲೆ ಬೇರೆ ಏನಾದ್ರೂ ಏಟಿತ್ತಾ?"

"ಎಡಭುಜದ ಮೂಳೆ ಮುರಿದಿತ್ತು. ಕೋಟು ಯಾವತ್ತೂ ಒಂದು ಕಡೆ ಜಾರ್ತಿತ್ತು."

"ಕರೆಂಟು ಹೊಡೆದಾಗಲೇ ಮುರಿದಿದ್ದಾ?"

"ಆಗಲೇ. ಅಪ್ಪ ಅದರ ಬಗ್ಗೆ ಬಾಯಿಬಿಡ್ತಿರಲಿಲ್ಲ. ಕರೆಂಟು ಹೊಡೀತು, ಅಷ್ಟೆ ಅಂತಿದ್ರು."

ಆಂಟಿ ನನ್ನ ಕಡೆ ತಿರುಗಿದಳು. "ಜೊನೆಲ್, ಆ ಫೋಟೋಗಳ ಹತ್ರ ಹೋಗು. ನೀನು ಒಂದು ತಿಂಗಳಿಂದ ಒಂದು ವಿಷಯಕ್ಕೆ ಗೊಣಗ್ತಿದ್ದೆ. ಏನು ಅಂತ ಇವರಿಗೆಲ್ಲ ಹೇಳು."

ಎಲ್ಲರೂ ನನ್ನನ್ನು ನೋಡಿದರು. ಗೋಡೆಯ ಕಡೆ ಮುಖ ಮಾಡಿದರೆ ಮಾತಾಡುವುದು ಸುಲಭವೆನಿಸಿ ಹಾಗೆಯೇ ನಿಂತೆ.

"ತಂತಿಗಳು," ಎಂದೆ. "ಎಲ್ಲ ಫೋಟೋದಲ್ಲೂ ನಿಲ್ದಾಣದ ಗೋಪುರಕ್ಕೆ ಅಡ್ಡ ಬರುತ್ವೆ. ಕಂಬ, ಮೇಲೆ ತಂತಿ. ಒಂದೂ ಚೊಕ್ಕವಾಗಿಲ್ಲ."

"ಯಾತರ ತಂತಿ?"

"ರೈಲಿಂದು. ಹಳೇ ಕಂಪನಿ ರೈಲಿಗೆ ಕರೆಂಟು ಬರ್ತಿದ್ದದ್ದು ಮೇಲಿನಿಂ—"

ಅಲ್ಲಿಗೆ ನಿಂತೆ. ನನ್ನ ಕೈಬರಹದ ವಿವರ ಫೋಟೋದ ಕೆಳಗೇ ಇತ್ತು. ನಾನೇ ಬರೆದದ್ದು.

"ಮುಗಿಸು ಮಗು."

"ಮೇಲಿನ ತಂತಿಯಿಂದ. ಮೂರನೇ ಹಳಿ ಹಾಕಿದ್ದು ನಗರದವರು. ಸಬ್‌ವೇಗೆ ಸೇರಿಸ್ಕೊಂಡಮೇಲೆ. ಕಂಪನಿ ಇದ್ದಾಗ ಇಲ್ಲಿ ಮೂರನೇ ಹಳಿ ಇರಲೇ ಇಲ್ಲ."

* * *

ಡೆನಿಸ್ ಮಲ್ವೇನಿ ಅಜ್ಜಿಯ ಕೈ ಬಿಟ್ಟರು.

"ಅಜ್ಜನಿಗೆ ವಯಸ್ಸಾಗಿತ್ತು," ಎಂದರು. "ಹೇಳೋದ್ರಲ್ಲಿ ಹೆಚ್ಚುಕಡಿಮೆ—"

"ವಯಸ್ಸಾದವರು ಹೆಸರು ಮರೀತಾರೆ, ವರ್ಷ ಮರೀತಾರೆ," ಎಂದಳು ಆಂಟಿ. "ಆ ಹಳಿ ಮೇಲೆ ಕೆಲಸ ಮಾಡಿದವನು, ಗೆಳೆಯನನ್ನ ಸಾವಿನಿಂದ ಎಳೆದವನು, ಕರೆಂಟು ತಲೆ ಮೇಲಿತ್ತೋ ಕಾಲಡಿಯಲ್ಲಿತ್ತೋ ಅನ್ನೋದನ್ನ ಮರೆಯಲ್ಲ. ಕಾರ್ಮೈನ್ ಕಂಬಕ್ಕೆ ಬಣ್ಣ ಬಳೀತಿದ್ದ. ಏಣಿ ಮೇಲೆ ಕೈ ತಂತಿಗೆ ತಾಗಿದೆ, ಎತ್ತರದಿಂದ ಬಿದ್ದಿದಾನೆ, ಭುಜ ಮುರಿದಿದೆ. ನೆಲದ ಮೇಲಿರೋ ಹಳಿಯಿಂದ ಯಾರು ಬೀಳ್ತಾರೆ?"

ಆಂಟಿ ಕನ್ನಡಕ ತೆಗೆದು ಮಲ್ವೇನಿಯತ್ತ ತಿರುಗಿದಳು.

"ನಿಮ್ಮದು ಈ ಊರಲ್ಲಿ ಹುಟ್ಟಿ ಬೆಳೆದವರು ಮಾತ್ರ ಮಾಡೋ ತಪ್ಪು ಡೆನಿಸ್. ನಿಲ್ದಾಣದ ಗೋಡೆ ಮೇಲಿನ ಚೀಟೀಲಿ 'ಕರೆಂಟು ಹೊಡೆದು ಬೆರಳು ಕಳೆದುಕೊಂಡ ಕಾರ್ಮೈನ್' ಅಂತಿತ್ತು. ಹೇಗೆ ಅಂತ ಇರಲಿಲ್ಲ. ಖಾಲಿ ಜಾಗ ನೀವು ತುಂಬಿದ್ರಿ. ರೈಲು, ಕರೆಂಟು ಅಂದ್ರೆ ನಮಗೆಲ್ಲ ಒಂದೇ ನೆನಪಾಗೋದು. ನಿನ್ನೆ ಕೇಳಿದವರು ಯಾರೂ ಪ್ರಶ್ನೆ ಮಾಡಲಿಲ್ಲ. ನನಗೂ ಈಗ ಫೋಟೋ ಎದುರು ಕೂತು ಕೇಳಿದಾಗಲೇ ತಿಳಿದಿದ್ದು."

"ಕತೆ ಕಟ್ಟಿದ್ರೆ ಕಳ್ಳ ಆಗ್ತಾರಾ?"

"ಬರೀ ಕತೆಗಾದ್ರೆ ಆಗಲ್ಲ. ಆದರೆ ಆ ಕತೆ ನಿಮಗೆ ಏನು ಕೊಡ್ತು ನೋಡಿ. ಫಿಲೊಮೀನಾ ಪಕ್ಕದ ಕುರ್ಚಿ ಕೊಡ್ತು. ಮಗ ಬಿಟ್ಟರೆ ಆ ಕೈಚೀಲಕ್ಕೆ ಕೈ ಹಾಕುವಷ್ಟು ಹತ್ತಿರ ನೀವೊಬ್ಬರೇ. ಎಲ್ಲರೂ ಅಳ್ತಿದ್ದಾಗ ಕೀಲಿ ತೆಗೆದ್ರಿ. ಕೋಟು ತರೋ ನೆಪದಲ್ಲಿ ಈ ಕೋಣೆಗೆ ಬಂದ್ರಿ. ಲಾಟೀನು ಚೀಲಕ್ಕೆ, ಬಟ್ಟೆ ಪೆಟ್ಟಿಗೆ ಮೇಲಕ್ಕೆ. ಕೋಟು ತೊಡಿಸ್ತಾ ಕೀಲಿ ವಾಪಸು. ಬೆಳಿಗ್ಗೆ ಹಾಲ್ ಕೀಲಿ ಯಾರ ಹತ್ರ ಇತ್ತು ಅಂತ ಕೇಳ್ತಾರೆ, ಅಲ್ಲಿಗೆ ಎವರಾಲ್ಡ್ ಸಿಗ್ತಾನೆ. ನೀವು ಬಂದು ಅವನ ಮೇಲೆ ಕನಿಕರ ಬೇರೆ ತೋರಿಸಿದ್ರಿ."

"ಚೀಲದಲ್ಲಿದ್ದದ್ದು ಮೇಕೆ ಸಾರು."

ಐವಿ ಸಿಸ್ಟರನ್ನು ಇನ್ನು ತಡೆಯಲಾಗಲಿಲ್ಲ. "ನನಗೇ ಸಿಗದಿದ್ದ ಸಾರು ನಿನಗೆ ಪಾತ್ರೆ ತುಂಬ ಕೊಟ್ಟೆನಾ? ಯಾವ ಕೈಯಿಂದ ಕೊಟ್ಟೆನೋ ಹೇಳಪ್ಪ."

"ನಿಮ್ಮ ಕಾರು ಹೊರಗಿದೆ," ಎಂದಳು ಆಂಟಿ, ದನಿ ಏರಿಸದೆ. "ರಾಲ್ಫ್‌ಗೆ ಬೆಳಿಗ್ಗೆಯಿಂದ ಒಂದು ಫೋನ್ ಮಾಡೋ ಆಸೆ. ಡಿಕ್ಕಿ ತೆಗೆದು ತೋರಿಸ್ತೀರೋ, ಅವನ ಆಸೆ ತೀರಿಸ್ತೀರೋ?"

ಮಲ್ವೇನಿ ಮೆಟ್ಟಿಲು ನೋಡಿದರು. ಎವರಾಲ್ಡ್ ಬ್ರದರ್ ಮೇಜು ಬಿಟ್ಟು ಮೆಟ್ಟಿಲ ಬುಡಕ್ಕೆ ಬಂದು ನಿಂತಿದ್ದರು. ಕಾರಿನ ಕೀಲಿ ಮೇಜಿನ ಮೇಲೆ ಬಿತ್ತು.

ರಾಲ್ಫ್ ಓಡಿಹೋಗಿ ಚೀಲವನ್ನು ಮಗುವಿನಂತೆ ಅಪ್ಪಿಕೊಂಡು ತಂದ. ಸುತ್ತಿದ್ದ ಟವಲ್ಲು ಬಿಚ್ಚಿದರೆ ಹಿತ್ತಾಳೆ ಮಿನುಗಿತು. ಮಧ್ಯಾಹ್ನ ಪಕ್ಕದ ರಾಜ್ಯ ಕನೆಕ್ಟಿಕಟ್‌ನಲ್ಲಿ ಕೊಳ್ಳುವವನೊಬ್ಬ ಕಾಯುತ್ತಿದ್ದನಂತೆ.

"ಟವಲ್ಲೂ ನಂದೇ," ಎಂದರು ಐವಿ ಸಿಸ್ಟರ್.

ಫಿಲೊಮೀನಾ ಅಜ್ಜಿ ಲಾಟೀನನ್ನು ಮುಟ್ಟಲಿಲ್ಲ. ಮಲ್ವೇನಿಯನ್ನೇ ನೋಡುತ್ತಿದ್ದರು. "ನಿಮ್ಮಜ್ಜ ನಿಜಕ್ಕೂ ಏನು ಕೆಲಸ ಮಾಡ್ತಿದ್ರು?"

"ಬೂಟು ಮಾರ್ತಿದ್ದ," ಎಂದರು ಅವರು, ನೆಲ ನೋಡುತ್ತಾ.

"ಅದೂ ಒಳ್ಳೇ ಕೆಲಸವೇ," ಎಂದರು ಅಜ್ಜಿ. "ಅದನ್ನೇ ಹೇಳಿದ್ರೂ ಪಕ್ಕದಲ್ಲಿ ಕೂರಿಸಿಕೊಳ್ತಿದ್ದೆ."

ಹನ್ನೆರಡಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಹೇಳಿದಂತೆ ಆಂಟಿಯೇ ಪೊಲೀಸರಿಗೆ ಫೋನ್ ಮಾಡಿದಳು. ಹೆಸರನ್ನು ಅಕ್ಷರ ಬಿಡಿಸಿ ಹೇಳಿದಳು — ಮಲ್ವೇನಿ.

ರಾಲ್ಫ್ ಲಾಟೀನನ್ನು ಪೆಟ್ಟಿಗೆಯೊಳಗೆ ಇಟ್ಟ, ವಾಲಿದೆ ಎಂದು ಸರಿಮಾಡಿದ, ಮತ್ತೆ ಸರಿಮಾಡಿದ. ಕೊನೆಗೆ ಎವರಾಲ್ಡ್ ಬ್ರದರಿನ ಎದುರು ಹೋಗಿ ನಿಂತ. ಅವರು ಸುಲಭ ಮಾಡಿಕೊಡಲಿಲ್ಲ.

"ಮಂಗಳವಾರ ಶಾಲೆ ಮಕ್ಕಳು ನೋಡೋಕೆ ಬರ್ತಾರಲ್ಲ," ಎಂದ ರಾಲ್ಫ್. "ಬಾಗಿಲು ತೆಗೆಯೋಕೆ... ನೀವು ಇರಲ್ಲ. ನಾನು ಬರಲಾ?"

ಎವರಾಲ್ಡ್ ಬ್ರದರ್ ಸೊಂಟದ ಗೊಂಚಲಿನಿಂದ ಒಂದು ಕೀಲಿ ಬಿಡಿಸಿ ಅವನ ಅಂಗೈಯಲ್ಲಿಟ್ಟರು.

"ಸ್ವಲ್ಪ ಎತ್ತಿ ತಿರುಗಿಸಬೇಕು, ಇಲ್ಲಾಂದ್ರೆ ಸಿಕ್ಕಿಹಾಕ್ಕೊಳ್ಳತ್ತೆ," ಎಂದರು. "ಮತ್ತೆ ಹುಷಾರು. ಆ ದಿನ ಇಲ್ಲಿಂದ ಒಂದು ಕುರ್ಚಿ ಹೋದ್ರೂ ಮೊದಲು ನಿಮ್ಮನ್ನೇ ಕೇಳ್ತಾರೆ."